ಗಾಜಿನ ಪೆಟ್ಟಿಗೆಯೊಳಗಿನ ಅಲೆ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಗಿಡ ಬೆಳೆಸುವುದು ನನ್ನ ಕಸುಬು. ಬೇರು, ಮಣ್ಣು, ನೀರು ಇಷ್ಟರಲ್ಲೇ ಎಲ್ಲಕ್ಕೂ ಕಾರಣ ಸಿಗುತ್ತದೆ ಎಂದು ನಂಬಿದ್ದವಳು. ಆದರೆ ಕೆಲವು ವರ್ಷಗಳ ಹಿಂದಿನ ಆ ಮಧ್ಯಾಹ್ನ ನಡೆದದ್ದಕ್ಕೆ ಇವತ್ತಿಗೂ ಕಾರಣ ಸಿಕ್ಕಿಲ್ಲ.

ಮಾದಾಪುರದಲ್ಲಿ ನನ್ನದೊಂದು ಚಿಕ್ಕ ನರ್ಸರಿ. ನನ್ನ ಹಳೆಯ ಗಿರಾಕಿ, ಬಿಟ್ಟಂಗಾಲದ ಬೊಳ್ಳಮ್ಮ ಆಂಟಿ, ತಮ್ಮ ಎಸ್ಟೇಟಿನ ಗೋದಾಮು ಖಾಲಿ ಮಾಡಿಸುವಾಗ ಸಿಕ್ಕ ಗಾಜಿನ ಪೆಟ್ಟಿಗೆಯೊಂದನ್ನು ಜೀಪಿನಲ್ಲಿ ತಂದುಕೊಟ್ಟರು. ತೇಗದ ಚೌಕಟ್ಟು, ಮೇಲೆ ಮನೆಯ ಮಾಡಿನಂತೆ ಇಳಿಜಾರಾದ ಗಾಜು. ನನಗೆ ಕುಣಿಯುವಷ್ಟು ಖುಷಿ! ಹಿಂದೆ ಗಿಡ ಹುಡುಕಿಕೊಂಡು ದೇಶ ಸುತ್ತುತ್ತಿದ್ದವರು ಇಂಥ ಪೆಟ್ಟಿಗೆಗಳಲ್ಲಿ ಜೀವಂತ ಸಸಿಗಳನ್ನು ಹಡಗಿಗೇರಿಸುತ್ತಿದ್ದರು. ಇಂಥ ಪೆಟ್ಟಿಗೆ ಬರುವ ಮೊದಲು ಉಪ್ಪುಗಾಳಿ ಬಡಿದು, ಸಿಹಿನೀರು ಸಾಲದೆ, ಹೆಚ್ಚಿನ ಸಸಿಗಳು ದಾರಿಯಲ್ಲೇ ಸಾಯುತ್ತಿದ್ದವು. ಬೀಜಗಳನ್ನು ಹಸಿ ಪಾಚಿಯಲ್ಲೋ ಮೇಣದಲ್ಲೋ ಹುದುಗಿಸಿ ಒಯ್ದರೂ ಎಷ್ಟೋ ಮೊಳೆಯುತ್ತಿರಲಿಲ್ಲ. ಮುಚ್ಚಿದ ಗಾಜಿನೊಳಗಾದರೆ ಮಣ್ಣಿನ ತೇವವೇ ಆವಿಯಾಗಿ, ಹನಿಗಟ್ಟಿ, ಮತ್ತೆ ಮಣ್ಣಿಗೆ ಇಳಿಯುತ್ತದೆ.

ಆಗ ನನ್ನ ಬಳಿ ಕಾಡು ಕರ್ಣಕುಂಡಲದ ಒಂದು ಸಸಿಯಿತ್ತು. ಅದರ ಜೊತೆಯವೆಲ್ಲ ಗುಡ್ಡ ಜರಿದಾಗ ಕೊಚ್ಚಿಹೋಗಿದ್ದವು. ಅದರ ಹೂವಿನ ಬಣ್ಣವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಉಳಿದ ಇದೊಂದೂ ಬಾಡುತ್ತಿತ್ತು. ಅದನ್ನು ಪೆಟ್ಟಿಗೆಯಲ್ಲಿ ನೆಟ್ಟು, ಸಂದುಗಳಿಗೆ ಮೇಣ ಮೆತ್ತಿ, ಶೆಡ್ಡಿನ ಸಿಮೆಂಟ್ ನೆಲದ ಮೇಲಿಟ್ಟೆ. ಕೆಲವೇ ದಿನಗಳಲ್ಲಿ ಚಿಗುರಿತು! ಖುಷಿ ತಡೆಯಲಾರದೆ ಆಂಟಿಗೆ ಫೋನ್ ಮಾಡಿ ಕರೆಸಿದೆ.

ಆಂಟಿ ಬಗ್ಗಿ ನೋಡಿದವರೇ, "ಇದೆಂಥ ಮಾರಾಯ್ತಿ, ನೀರು ಹೀಗೆ ಓಡಾಡ್ತಾ ಉಂಟಲ್ಲಾ?" ಎಂದರು.

ಗಾಜಿನ ಮೇಲಿನ ಹನಿಗಳು ಕೆಳಗಿಳಿಯುತ್ತಿರಲಿಲ್ಲ. ಎಲ್ಲವೂ ಒಟ್ಟಿಗೆ ಎಡಕ್ಕೆ ಓರೆಯಾಗಿ ಹರಿದು, ತುಸು ನಿಂತು, ಬಲಕ್ಕೆ ಹರಿಯುತ್ತಿದ್ದವು. ತಳದಲ್ಲಿ ನಿಂತ ನೀರೂ ಹಾಗೆಯೇ ಒಂದು ಬದಿಗೆ ಏರಿ ಇನ್ನೊಂದು ಬದಿಗೆ ಬಡಿಯುತ್ತಿತ್ತು. ನೆಲಕ್ಕೆ ಅಂಗೈ ಒತ್ತಿ ನೋಡಿದೆ, ಅಲುಗಾಟವಿಲ್ಲ. ಲೋಟದ ತುಂಬ ನೀರು ತಂದು ಪಕ್ಕದಲ್ಲಿಟ್ಟೆ, ಅದು ಕದಲಲಿಲ್ಲ.

"ಸಮುದ್ರದಲ್ಲಿ ಇದ್ದ ಹಾಗೆ ಆಡ್ತದೆ," ಆಂಟಿ ಪಿಸುಗುಟ್ಟಿದರು.

ಅಷ್ಟರಲ್ಲಿ ನೀರಿನ ಬಡಿತಕ್ಕೆ ಮಣ್ಣು ಕೊರೆದುಹೋಗಿ ಸಸಿಯ ಬೇರು ಕಾಣತೊಡಗಿತು. "ತೆಗೆದುಬಿಡ್ಲಾ ಆಂಟಿ?" ಎಂದು ಕಿರುಚಿದೆ.

"ಬೇಡ, ಬೇಡ! ಎಳೆ ಚಿಗುರು, ಗಾಳಿ ತಾಗಿದ್ರೆ ಸತ್ತೇ ಹೋಗ್ತದೆ. ಅಡ್ಡಕ್ಕೆ ತಿರುಗಿಸುವಾ, ಆ ಕಡೆ ಹಿಡಿ!"

ಇಬ್ಬರೂ ಸೇರಿ ತಿರುಗಿಸಿದೆವು. ಪೆಟ್ಟಿಗೆ ತಿರುಗಿತು, ನೀರಿನ ದಿಕ್ಕು ಮಾತ್ರ ತಿರುಗಲಿಲ್ಲ. ಅದು ಮೊದಲಿನಂತೆ ಪೂರ್ವಕ್ಕೂ ಪಶ್ಚಿಮಕ್ಕೂ ತೂಗುತ್ತಲೇ ಇತ್ತು! ಆದರೆ ಈಗ ಪೆಟ್ಟಿಗೆಯ ಅಗಲದಷ್ಟೇ ಓಡಲು ಜಾಗವಿದ್ದುದರಿಂದ ಅದರ ರಭಸ ತಗ್ಗಿ, ಬೇರು ಉಳಿಯಿತು. ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತು ನೋಡುತ್ತಿದ್ದೆವು. ಬಿಸಿಲು ಇಳಿಯುವ ಹೊತ್ತಿಗೆ ಒಮ್ಮೆ ಜೋರಾಗಿ ತುಳುಕಿ, ಎಲ್ಲವೂ ನಿಂತಿತು. ಹನಿಗಳು ನೆಟ್ಟಗೆ ಕೆಳಗಿಳಿದವು.

"ಹಡಗಿಗೆ ಯಾವ ಊರು ಬಂತೋ ಏನೋ," ಎಂದರು ಆಂಟಿ. ಇಬ್ಬರಿಗೂ ನಗು ಬರಲಿಲ್ಲ.

ಆಮೇಲೆ ಎಷ್ಟೋ ಸಲ ಅದೇ ಜಾಗದಲ್ಲಿ ಪೆಟ್ಟಿಗೆಯಿಟ್ಟು ಕಾದಿದ್ದೇನೆ, ಏನೂ ಆಗಿಲ್ಲ. ಬಿಸಿಲಿನ ಶಾಖ ಕಾರಣವಿರಬಹುದು ಎಂದು ತಿಳಿದವರೊಬ್ಬರು ಹೇಳಿದರು. ಹಾಗಾದರೆ ಪೆಟ್ಟಿಗೆ ತಿರುಗಿದರೂ ನೀರಿನ ದಿಕ್ಕೇಕೆ ತಿರುಗಲಿಲ್ಲ? ಆ ಸಸಿಯ ಸಂತಾನ ಈ ವರ್ಷವೂ ನರ್ಸರಿಯ ತುಂಬ ಹೂ ಬಿಟ್ಟಿದೆ. ಅದು ಉಳಿದ ಬಗೆಯನ್ನು ಬಂದವರಿಗೆಲ್ಲ ಹುರುಪಿನಿಂದ ಹೇಳಲು ತೊಡಗುತ್ತೇನೆ. ಗಾಜಿನೊಳಗೆ ಚಿಗುರಿದ್ದರ ತನಕ ಸಲೀಸಾಗಿ ಹೇಳುತ್ತೇನೆ. ಅಲ್ಲಿಗೆ ಕತೆ ನಿಲ್ಲಿಸಿ, ಬಂದವರ ಕೈಗೊಂದು ಸಸಿ ಕೊಡುತ್ತೇನೆ.