ತೊಳೆದು ಬಂದ ಡಬ್ಬಿ

ಗಂಡನನ್ನು ಅನುಮಾನಿಸುವುದು ಒಳ್ಳೆಯ ಗುಣವಲ್ಲ ಎಂದು ನನಗೂ ಗೊತ್ತು. ಆದರೆ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಒಂದು ಲೋಟವನ್ನೂ ತೊಳೆಯದವರು ಸೈಕಲ್ಲಿನಲ್ಲಿ ಘಾಟಿಗೆ ಹೋಗಿ ಬಂದ ದಿನ ಬುತ್ತಿಯ ಡಬ್ಬಿ ಫಳಫಳ ಹೊಳೆಯುತ್ತ ಮನೆ ಸೇರಿದರೆ, ನೀವಾದರೂ ಎಂತ ಮಾಡುತ್ತೀರಿ?

ನಮ್ಮ ಮನೆಗೆ ಸೈಕಲ್ಲು ಬಂದದ್ದು ಸಕ್ಕರೆ ಕಾಯಿಲೆಯ ಬೆನ್ನಿಗೆ. ಮಣಿಪಾಲದ ಡಾಕ್ಟರು "ಮೂರು ತಿಂಗಳು ನೋಡುವ, ಇಳಿಯದಿದ್ದರೆ ಇನ್ಸುಲಿನ್" ಎಂದದ್ದೇ ತಡ, ಸೂಜಿ ಕಂಡರೆ ಮುಖ ತಿರುಗಿಸುವ ನಮ್ಮವರು ಗೇರ್ ಸೈಕಲ್ಲು ಕೊಂಡರು. ಒಂದು ಭಾನುವಾರ ಕಾಪುವಿನ ಕಡಲಿಗೆ, ಇನ್ನೊಂದು ಭಾನುವಾರ ಕಾರ್ಕಳಕ್ಕೆ, ತಿಂಗಳಿಗೆರಡು ಸಲ ಹೆಬ್ರಿ ದಾಟಿ ಆಗುಂಬೆ ಘಾಟಿಗೆ. ಬುತ್ತಿ ನನ್ನದು: ಮೊಳಕೆ ಬರಿಸಿದ ಹೆಸರುಕಾಳು, ಮುಳ್ಳುಸೌತೆ, ಹೆಸರಿಗಷ್ಟೇ ಉಪ್ಪು. ಎರಡು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಪ್ಯಾಂಟಿನ ಗುಂಡಿಯೂ ಮುಂಚಿನಷ್ಟೇ ಕಷ್ಟದಲ್ಲಿತ್ತು.

ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಹೂವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆಯನ್ನು ಮಗುಚಿ, ಹಿಂಬದಿಯ ಗಂಟುಗಳನ್ನು ನೋಡಿ ಮಾರ್ಕು ಹಾಕುತ್ತಿದ್ದರು. ನನ್ನ ಹೂವು ಚಂದ ಇರುತ್ತಿತ್ತು, ಮಾರ್ಕು ಕಡಿಮೆ ಬರುತ್ತಿತ್ತು. ಕಸೂತಿ ಈಗ ಮರೆತಿದೆ, ಮಗುಚಿ ನೋಡುವ ಚಾಳಿ ಉಳಿದಿದೆ. ಹಾಗೆ ನೋಡಿದಾಗಲೇ ತಿಳಿದದ್ದು: ಕಾಪುವಿನಿಂದಲೋ ಕಾರ್ಕಳದಿಂದಲೋ ಬಂದ ಡಬ್ಬಿಯಲ್ಲಿ ಕಾಳಿನ ಸಿಪ್ಪೆ ಒಣಗಿ ಅಂಟಿಕೊಂಡಿರುತ್ತದೆ. ಘಾಟಿಯಿಂದ ಬಂದದ್ದು ಮಾತ್ರ ತೊಳೆದಿರುತ್ತದೆ. ಅದರೊಳಗೆ ಸಾರಿಗೆ ಹುಳಿಯಾಗಿ ಹಾಕುವ ನಾಲ್ಕು ಒಣ ಪುನರ್ಪುಳಿ ಸಿಪ್ಪೆ ಬೇರೆ.

ನನ್ನ ಅನುಮಾನ ಗಟ್ಟಿಯಾದದ್ದು ಆ ಪುನರ್ಪುಳಿ ಕಂಡು. ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕುತ್ತೇವೆ. ಇದು ಹೆಂಗಸರ ಕಾನೂನು. ಗಂಡಸರಿಗೆ ಪಾತ್ರೆ ಯಾರದೆಂಬುದೇ ನೆನಪಿರುವುದಿಲ್ಲ. ಅಂದರೆ ಘಾಟಿಯ ದಾರಿಯಲ್ಲಿ ಒಬ್ಬಳು ಇದ್ದಾಳೆ. ಮರ್ಯಾದೆ ತಿಳಿದವಳು ಬೇರೆ. ನನಗೆ ಹೆಚ್ಚು ಚಿಂತೆ ಹತ್ತಿದ್ದು ಅದಕ್ಕೇ.

ಮುಂದಿನ ಘಾಟಿಯ ಭಾನುವಾರ ಇವರು ಬೆಳಕು ಹರಿಯುವಾಗ ಹೊರಟರು. ನಾನು ನಿಧಾನವಾಗಿ ತಲೆ ಬಾಚಿ ಆಗುಂಬೆಯ ಮಿನಿಬಸ್ಸು ಹತ್ತಿದೆ. ಪೆರ್ಡೂರು ಕಳೆದ ಮೇಲೆ ಒಂದು ಏರಿನಲ್ಲಿ ಕಿತ್ತಳೆ ಬಣ್ಣದ ಅಂಗಿ ಕಂಡಿತು. ಬೆನ್ನು ಬಾಗಿಸಿ, ಒಂದೊಂದು ತುಳಿತಕ್ಕೂ ತಲೆ ಆಡಿಸುತ್ತ ನಮ್ಮವರು. ಅಂಗಿಯ ಮೇಲೆ ಬೆವರು ಒಣಗಿದ ಉಪ್ಪಿನ ಬಿಳಿ ಗೆರೆ. ಪಾಪ ಅನಿಸಿತು. ಆದರೂ ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಬಸ್ಸು ಹಾರ್ನ್ ಹಾಕಿ ಅವರನ್ನು ಹಿಂದೆ ಹಾಕಿತು. ತುಳಿಯುವುದು ಸುಳ್ಳಲ್ಲ ಅಂತಾಯಿತು. ಅಷ್ಟು ಆಸೆಯಿಂದ ತುಳಿಯುವುದು ಯಾರಿಗಾಗಿ ಎಂಬುದು ಉಳಿಯಿತು.

ಘಾಟಿಯ ಬುಡದ ಸೋಮೇಶ್ವರದಲ್ಲಿ ವಿಶ್ರಾಂತಿ ಎಂದು ಇವರೇ ಹೇಳುತ್ತಿದ್ದರು. ಅಲ್ಲೇ ಇಳಿದೆ. ತೆರೆದಿದ್ದದ್ದು ಒಂದೇ ಹೋಟೆಲು. ಅದರ ಅಂಗಳದಲ್ಲಿ ಪುನರ್ಪುಳಿ ಒಣಗುತ್ತಿತ್ತು. ಒಲೆಯ ಮುಂದೆ ನನಗಿಂತ ಹತ್ತು ವರ್ಷ ದೊಡ್ಡ ಹೆಂಗಸು. ಬಂದವರೆಲ್ಲ ಗಿರಿಜಕ್ಕ ಎನ್ನುತ್ತಿದ್ದರು. ಚಹಾ ಹೇಳಿ, "ಈ ಕಡೆ ಸೈಕಲ್ಲಿನವರು ಬರುವುದುಂಟಾ?" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಬರ್ತಾರೆ. ಮಣಿಪಾಲದ ಸಾರ್ ಒಬ್ಬರು ನನಗೆ ಬುತ್ತಿ ಕೊಡ್ತಾರೆ. ನನಗೆ ಸಕ್ಕರೆ ಉಂಟಲ್ವಾ, ಅದಕ್ಕೆ. ಅದನ್ನು ನೋಡಿ ನಾನೂ ದಿನಾ ಕಾಳು ನೆನೆಸ್ತೇನೆ. ಇಳಿದಿದೆ ಈಗ." ಸ್ವರ ತಗ್ಗಿಸಿದರು. "ಅವರ ಹೆಂಡತಿ ಮಾಡುವುದಂತೆ. ಪಾಪದ ಹೆಂಗಸು, ಉಪ್ಪು ಹಾಕ್ಲಿಕ್ಕೆ ಯಾರೂ ಕಲಿಸಲಿಲ್ಲ ಕಾಣ್ತದೆ."

ನಾನು ಚಹಾ ಊದಿಕೊಂಡೆ. ಎರಡನೆಯ ಚಹಾ ಮುಗಿಯುವ ಹೊತ್ತಿಗೆ ಸೈಕಲ್ಲು ಗೋಡೆಗೆ ಒರಗಿತು. ನಮ್ಮವರು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ, "ಗಿರಿಜಕ್ಕ, ಬನ್ಸ್ ಬಿಸಿ ಉಂಟಲ್ಲ?" ಎಂದರು. ಆಮೇಲೆ ನನ್ನನ್ನು ಕಂಡರು. ಪಟ್ಟಿಯ ಮೇಲಿದ್ದ ಕೈ ಅಲ್ಲೇ ನಿಂತಿತು.

"ನೀನು ಎಂತ ಇಲ್ಲಿ?"

"ಉಪ್ಪು ಕೊಟ್ಟು ಹೋಗುವ ಅಂತ ಬಂದೆ."

"ಒಂದೇ ತಿನ್ನುವುದು, ಮಾರಾಯ್ತಿ."

"ಮೂರು," ಎಂದರು ಗಿರಿಜಕ್ಕ, ಬನ್ಸ್ ಕರಿಯುತ್ತಿದ್ದ ಬಾಣಲೆಯಿಂದ ಕಣ್ಣೆತ್ತದೆ. ಮತ್ತೆ ನಮ್ಮಿಬ್ಬರನ್ನೂ ನೋಡಿದರು. "ಸಾರ್, ನಿಮಗೂ ಸಕ್ಕರೆಯಾ? ಬುತ್ತಿ ಕೊಡುವಾಗ ಹಸಿವಿಲ್ಲ ಅಂತೀರಿ, ಆಮೇಲೆ ಮೂರು ಬನ್ಸ್ ತಿಂತೀರಿ. ನನಗೆ ಅವತ್ತೇ ಸಂಶಯ ಬಂದಿತ್ತು."

ಬನ್ಸಿನ ತಟ್ಟೆ ನನ್ನ ಮುಂದೆ ಬಂತು, ಡಬ್ಬಿ ಅವರ ಮುಂದೆ ಹೋಯಿತು. ಇಬ್ಬರು ಹೆಂಗಸರ ಕಾವಲಿನಲ್ಲಿ ಕಾಳನ್ನು ಒಂದೊಂದಾಗಿ ಜಗಿದು, ನಮ್ಮವರು ಘಾಟಿಯ ಹದಿನಾಲ್ಕು ತಿರುವು ಹತ್ತಲು ಹೊರಟರು. ತಟ್ಟೆ ನನ್ನ ಮುಂದೆಯೇ ಉಳಿಯಿತು. ಬಾಳೆಹಣ್ಣಿನ ಸಿಹಿ, ನಡುವೆ ಹಲ್ಲಿಗೆ ಸಿಗುವ ಜೀರಿಗೆ. ಮೂರು ಯಾಕೆ ಬೇಕೆಂದು ಅರ್ಥವಾಯಿತು.

ಮುಂದಿನ ಪರೀಕ್ಷೆಯಲ್ಲಿ ಇವರ ಸಕ್ಕರೆ ಇಳಿದಿತ್ತು. ಸದ್ಯಕ್ಕೆ ಸೂಜಿ ಇಲ್ಲ. ಆದರೂ ಕಾವಲು ಬಿಡಬಾರದೆಂದು ಘಾಟಿಯ ಭಾನುವಾರಗಳಲ್ಲಿ ನಾನೂ ಮಿನಿಬಸ್ಸಿನಲ್ಲಿ ಹೋಗಿ, ಇವರು ಮೇಲೆ ಹೋಗಿ ಬರುವವರೆಗೆ ಗಿರಿಜಕ್ಕನ ಬೆಂಚಿನಲ್ಲಿ ಕೂರುತ್ತೇನೆ. ಮೊನ್ನೆ ಘಾಟಿ ಇಳಿದು ಬಂದವರು ನನ್ನ ಮುಖ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಬನ್ಸಿನ ಖಾಲಿ ತಟ್ಟೆಯನ್ನು ಎತ್ತಿ, ಮಗುಚಿ ನೋಡಿದರು.

"ತೊಳೆದ ಹಾಗಿದೆಯಲ್ಲ," ಎಂದರು. "ಡಾಕ್ಟರು ನಿನ್ನ ಸಕ್ಕರೆಯನ್ನೂ ಒಮ್ಮೆ ನೋಡುವ ಅಂದಿದ್ದಾರೆ."

ಅವಸರ ಎಂತ ಉಂಟು, ಎಂದೆ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಒಂದು ತಟ್ಟೆಯನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು. ಸಿಸ್ಟರ್ ಇದ್ದಿದ್ದರೆ ಅವರಿಗೆ ಪೂರ್ತಿ ಮಾರ್ಕು ಕೊಡುತ್ತಿದ್ದರು. ನನಗೆ, ಯಥಾಪ್ರಕಾರ, ಕಡಿಮೆ.