ಬಸವರಾಜನನ್ನು ನಾನು ದಿಲ್ಲಿಗೆ ಕರೆಸಲಿಲ್ಲ

ಕೋವಿಡ್ ಮುಗಿದು ಪಂದ್ಯಗಳು ಮತ್ತೆ ಶುರುವಾದ ಹೊಸತು. ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ನಾನು ಕೋಚ್ ಆಗಿದ್ದೆ. ಟಿವಿಯಲ್ಲಿ ಬರುವ ಲೀಗುಗಳ ಹಾಗೆ ನಮ್ಮಲ್ಲಿ ಹರಾಜು ಗಿರಾಜು ಇಲ್ಲ. ಹುಡುಗರೆಲ್ಲ ಸ್ಪೋರ್ಟ್ಸ್ ಕೋಟಾದಲ್ಲಿ ನೌಕರಿಗೆ ಸೇರಿದವರು. ಹಗಲು ಕಚೇರಿ, ಸಂಜೆ ಆರ್.ಕೆ.ಪುರಂನ ಅಂಕಣ. ಬೇರೆ ಊರಿನ ಆಟಗಾರ ಬೇಕೆಂದರೆ ಮ್ಯೂಚುವಲ್ ಟ್ರಾನ್ಸ್‌ಫರ್ ಮಾಡಿಸಬೇಕು. ಅಂದರೆ ಅದೇ ದರ್ಜೆಯ ನಮ್ಮವನೊಬ್ಬ ಅಲ್ಲಿಗೆ, ಅಲ್ಲಿಯವನು ಇಲ್ಲಿಗೆ.

ಆ ವರ್ಷ ನಮಗೆ ಸೆಂಟರ್ ಇರಲಿಲ್ಲ. ಗುರಿ ತಪ್ಪಿ ಪುಟಿಯುವ ಚೆಂಡನ್ನು ಬುಟ್ಟಿಯ ಕೆಳಗೆ ನಿಂತು ಎಲ್ಲರಿಗಿಂತ ಮೇಲೆ ಕೈಚಾಚಿ ಹಿಡಿಯುವ ಎತ್ತರದ ಆಳು ಅವನು. ಅವನಿಲ್ಲದೆ ಒಂದಾದ ಮೇಲೊಂದು ಪಂದ್ಯ ಸೋತೆವು. ಕ್ರೀಡಾಧಿಕಾರಿ ಮಾಥುರ್ ಸಾಹೇಬರು ನನ್ನನ್ನು ಕರೆಸಿ, "ನಮ್ಮದೇ ಇಲಾಖೆಯ ಕೋಲ್ಕತ್ತಾ ತಂಡದಲ್ಲಿ ನಿಮ್ಮ ಕರ್ನಾಟಕದವನೇ ಇದ್ದಾನಲ್ಲ, ಆರೂಮುಕ್ಕಾಲು ಅಡಿ! ಬೆಂಚಿನ ಮೇಲೆ ಕೂತು ಕೊಳೀತಿದ್ದಾನೆ. ಕರ್ಕೊಂಡು ಬನ್ನಿ" ಎಂದರು.

ಅವನೇ ಬಸವರಾಜ, ಕಲಬುರಗಿ ಕಡೆಯವನು. ಪಂದ್ಯಕ್ಕೆ ನಾಲ್ಕೈದು ನಿಮಿಷ ಆಡಿಸಿದರೆ ಹೆಚ್ಚು. ಅಲ್ಲಿನ ಕೋಚ್ ಘೋಷ್‌ಗೆ ಅವನನ್ನು ಕಂಡರಾಗುವುದಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು, ನಾನೂ ನಂಬಿದ್ದೆ. ಇನ್ನು ದಿಲ್ಲಿ ಕನ್ನಡಿಗರ ಕಥೆ ಕೇಳಬೇಕೆ? ಕರೋಲ್ ಬಾಗಿಗೆ ದೋಸೆ ತಿನ್ನಲು ಹೋದರೆ ಹೋಟೆಲಿನ ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದು, "ನಮ್ಮವ ಮಾರಾಯ್ರೆ, ಬಿಡ್ಬೇಡಿ" ಎನ್ನುವುದು! ನಮ್ಮ ತಂಡದ ಬಂಗಾಳಿ ಹುಡುಗ ಸುಬೀರ್ ಅದಲುಬದಲಿಗೆ ತುದಿಗಾಲಲ್ಲಿ ನಿಂತಿದ್ದ. ಅವನ ಹೆಂಡತಿಗೆ ಕೋಲ್ಕತ್ತಾದಲ್ಲೇ ಕೆಲಸ. ಬಸವರಾಜನೂ ಫೋನ್ ಮಾಡಿದ. "ಸರ, ಇಲ್ಲಿ ಕುಂತು ಕುಂತು ಸಾಕಾಗ್ಯದ. ನನ್ನ ಕರಕೋರಿ. ಪೂರಾ ಮ್ಯಾಚ್ ಆಡಿ ತೋರಸ್ತೀನಿ."

ಆ ಚಳಿಗಾಲದಲ್ಲಿ ಕೋಲ್ಕತ್ತಾ ತಂಡ ಟೂರ್ನಿಗೆಂದು ದಿಲ್ಲಿಗೇ ಬಂತು. ಹಾಳು ಹೊಗೆಯಲ್ಲಿ ಕಣ್ಣುರಿಸಿಕೊಂಡು ಗ್ಯಾಲರಿಯಲ್ಲಿ ಕೂತು ಅವನ ವಾರ್ಮ್ ಅಪ್ ನೋಡಿದೆ. ಏನು ಮೈಕಟ್ಟು, ಏನು ಕೈ! ಆದರೆ ಹಾರಿದವನು ಪ್ರತಿ ಸಲವೂ ಎಡಗಾಲ ಮೇಲೇ ಇಳಿಯುತ್ತಿದ್ದ. ಬಲಗಾಲು ಆಮೇಲೆ, ಮೆಲ್ಲಗೆ. ಆ ಕಾಲಿಗೆ ಏನೋ ಆಗಿದೆ ಎನ್ನಿಸಿತು.

ಪಂದ್ಯ ಮುಗಿದ ಮೇಲೆ ಘೋಷ್ ಎದುರು ನಿಂತು, "ಆ ಹುಡುಗನನ್ನ ಯಾಕ್ರೀ ಹಾಳು ಮಾಡ್ತಿದ್ದೀರಿ?" ಎಂದೆ. ಅವರು ಚಹಾ ಲೋಟ ಕೆಳಗಿಟ್ಟು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: "ಬಲ ಮಂಡಿ ಸವೆದುಹೋಗಿದೆ, ಮೂಳೆಗೆ ಮೂಳೆ ತಾಗುತ್ತೆ. ಜಾಸ್ತಿ ಆಡಿದರೆ ನಾಳೆ ನಡೆಯೋದೂ ಕಷ್ಟ ಅಂದಿದ್ದಾರೆ ಡಾಕ್ಟರು. ಪೂರ್ತಿ ಬಿಡಿಸಿದರೆ ಹುಡುಗ ಹುಚ್ಚನಾಗ್ತಾನೆ. ಅದಕ್ಕೇ ಆ ನಾಲ್ಕು ನಿಮಿಷ. ಬೈಗುಳ ನನಗೆ ಬರುತ್ತೆ, ಬರಲಿ."

ಮರುದಿನ ಬೆಳಿಗ್ಗೆ ಬಸವರಾಜನನ್ನು ಕ್ವಾರ್ಟರ್ಸಿಗೆ ಕರೆದೆ. ನನ್ನ ಹೆಂಡತಿ ಉಪ್ಪಿಟ್ಟು ಕೊಟ್ಟಳು. "ಮಂಡಿಗೆ ಒಂದು ಸ್ಕ್ಯಾನ್ ಮಾಡಿಸೋಣ. ಸರಿಯಿದ್ದರೆ ಇವತ್ತೇ ನಿನ್ನ ಟ್ರಾನ್ಸ್‌ಫರಿಗೆ ಬರೀತೀನಿ" ಎಂದೆ.

ಅವನು ತಟ್ಟೆ ಪಕ್ಕಕ್ಕಿಟ್ಟ. "ಸ್ಕ್ಯಾನ್ ಬ್ಯಾಡ ಸರ. ಒಂದು ಸೀಜನ್ ಆಡಸ್ರಿ ಸಾಕು. ಆಮ್ಯಾಲ ಕಾಲು ಹೋದ್ರ ಹೋಗ್ಲಿ. ಕಾಲು ನಂದು."

ನಿಜ, ಕಾಲು ಅವನದೇ. ನನಗೂ ಅವನು ಬೇಕಾಗಿದ್ದ, ಬಹಳ ಬೇಕಾಗಿದ್ದ. ನನ್ನ ಭಯ ಇದ್ದದ್ದೇ ಅಲ್ಲಿ. ಕೊನೆಯ ಕ್ಷಣಗಳಲ್ಲಿ ಎರಡು ಪಾಯಿಂಟ್ ಹಿಂದಿದ್ದಾಗ ಅವನು ಕುಂಟಿದರೆ ನಾನು ಹೊರಗೆ ಕರೆಯುತ್ತೇನೆಯೇ? ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ! "ಇನ್ನೊಂಚೂರು ತಡಕೋ" ಎನ್ನುವ ಜಾತಿ ನಾನು. ಘೋಷ್‌ಗಿದ್ದ ತಾಳ್ಮೆ ನನ್ನ ಹತ್ತಿರ ಇಲ್ಲ.

"ಆಗಲ್ಲಪ್ಪ" ಎಂದೆ.

"ನೀವೂ ಅವರಂಗೇ ಅದೀರಿ ಬಿಡ್ರಿ ಸರ" ಎಂದವನ ಕಣ್ಣು ತುಂಬಿತ್ತು. ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಟೇಹೋದ.

ಮಂಡಿಯ ವಿಷಯ ಬಾಯಿಬಿಟ್ಟರೆ ಆ ನಾಲ್ಕು ನಿಮಿಷಕ್ಕೂ ಕಲ್ಲು ಬೀಳುತ್ತಿತ್ತು. ಹಾಗಾಗಿ ಮಾಥುರ್ ಸಾಹೇಬರಿಗೆ, "ನಮ್ಮ ಆಟಕ್ಕೆ ಅವನು ಹೊಂದಲ್ಲ" ಎಂದಷ್ಟೇ ಹೇಳಿ ಚೆನ್ನಾಗಿ ಉಗಿಸಿಕೊಂಡೆ. ಸುಬೀರ್ ನನ್ನೊಡನೆ ಮಾತು ಬಿಟ್ಟ. "ನಮ್ಮವನಿಗೆ ನಾವೇ ಆಗ್ಲಿಲ್ಲ" ಎಂದು ಶೆಟ್ಟರು ಮುಖ ತಿರುಗಿಸಿದರು. ಆ ಸೀಜನ್ನಿನಲ್ಲಿ ತಂಡ ತಳ ಕಂಡಿತು.

ಬೆಂಚಿನಲ್ಲಿ ಕೂತವನನ್ನು ಕಂಡು ಅಯ್ಯೋ ಎನ್ನುವ ಮೊದಲು, ಕೂರಿಸಿದವನನ್ನು ಹೋಗಿ ಕೇಳಬೇಕು. ಕೋಚ್ ಕೆಲಸ ನನಗೆ ಕಲಿಸಿದ್ದು ಅದು. ಕೇಳಿಯಾದ ಮೇಲೆ ಮನಸ್ಸು ಹಗುರಾಗುತ್ತದೆ ಎಂದೇನೂ ಇಲ್ಲ. ಅವನ ಜೀವನದ ಒಂದೇ ಒಂದು ಪೂರ್ತಿ ಸೀಜನ್ ಕಿತ್ತುಕೊಂಡೆನೋ ಎಂಬ ಸಂಕಟ ಇವತ್ತಿಗೂ ಇದೆ.

ಮರುವರ್ಷ ಕೋಲ್ಕತ್ತಾ ನಮ್ಮ ವಿರುದ್ಧವೇ ಆಡಿತು. ಕೊನೆಯಲ್ಲಿ ಘೋಷ್ ಅವನನ್ನು ಇಳಿಸಿದರು. ನಮ್ಮ ಇಬ್ಬರು ಹುಡುಗರ ತಲೆಯ ಮೇಲಿಂದ ಚೆಂಡು ಕಿತ್ತು ಬುಟ್ಟಿಗೆ ಹಾಕಿದ, ನಾವು ಸೋತೆವು. ನಮ್ಮ ಬೆಂಚಿನ ಮುಂದೆ ಹಾದುಹೋಗುವಾಗ ನನ್ನ ಮುಖ ನೋಡಿಯೂ ನೋಡದವನಂತೆ ಹೋದ. ಆದರೆ ಓಡಿಕೊಂಡು ಹೋದ.