ಸತ್ತವರಿಗೆ ಮಾತ್ರ ಜಾಗ

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಲ್ಲಿ ನಾವು ಮೂವರು ಜಿಲ್ಲೆಯ ವಿಶ್ವಕೋಶಕ್ಕೆ ಕೈ ಹಾಕಿದ್ದೆವು. ಹಿರಿಯರು ಮಾನ್ವಿಯ ನಿವೃತ್ತ ಹೆಡ್ಮಾಸ್ತರು, ಇನ್ನೊಬ್ಬರು ವಕೀಲರು. ಊರೂರು ತಿರುಗಿ ಬರೆದುಕೊಂಡು ಬರುವುದು ನನ್ನ ಪಾಲು. ಕೋಟೆ, ದರ್ಗಾ, ಹೊಳೆಗಳ ಬಗ್ಗೆ ತಕರಾರಿರಲಿಲ್ಲ. ತಕರಾರೆಲ್ಲ ರಾಜಕಾರಣಿಗಳದು. ಒಂದು ಸಲ ಪಂಚಾಯಿತಿ ಮೆಟ್ಟಿಲು ಹತ್ತಿದವನೂ ಫೋಟೋ ಹಿಡಿದು ಬಂದುಬಿಡುತ್ತಿದ್ದ. ಕಾಟ ತಾಳಲಾರದೆ ಹೆಡ್ಮಾಸ್ತರು ಪುಸ್ತಕದಲ್ಲಿ ಯಾರ ಹೆಸರು ಸೇರಬೇಕೆಂದು ನಿಯಮ ಮಾಡಿದರು: ಬದುಕಿದ್ದವನು ಮಂತ್ರಿಯಾಗಿರಬೇಕು, ಸತ್ತವನು ಒಂದು ಸಲ ಶಾಸಕನಾಗಿದ್ದರೂ ಸಾಕು.

"ಸತ್ತವ್ರು ವಶೀಲಿ ತರಂಗಿಲ್ಲಲ್ರೀ" ಎಂದರು. ನಕ್ಕು ಒಪ್ಪಿದೆವು.

ದೇವದುರ್ಗದಲ್ಲಿ ಒಬ್ಬ ಮಾಜಿ ಶಾಸಕರಿದ್ದರು. ನಿಜಾಮನ ಕಾಲದಲ್ಲಿ ಜೈಲು ಕಂಡವರು. ಒಂದೇ ಸಲ ಗೆದ್ದರು. ದಲಿತರಿಗೆ ಊರ ಬಾವಿ ತೆರೆಸಿದ್ದಕ್ಕೆ ತಮ್ಮವರೇ ಕೈಬಿಟ್ಟರು, ಮತ್ತೆ ಗೆಲ್ಲಲಿಲ್ಲ. ನಾನು ಹೋದಾಗ ಎದೆಯ ಕಾಯಿಲೆ ಹಿಡಿದು ಹಾಸಿಗೆಯಲ್ಲಿದ್ದರು. ಓದು ಬಾರದ ಹೆಂಡತಿಗೆ ದಿನಾ ಪೇಪರ್ ಓದಿ ಹೇಳುವುದೊಂದೇ ಅವರಿಗೆ ಉಳಿದಿದ್ದ ಕೆಲಸ. ವಿಶ್ವಕೋಶ ಎಂದ ಕೂಡಲೇ ಎದ್ದು ಕೂತು ಟೋಪಿ ಹಾಕಿಕೊಂಡರು.

"ನಾ ಇರೂದ್ರಾಗ ಅಚ್ಚಾಗತದೇನ್ರಿ? ಆಕಿಗೆ ಓದಿ ಹೇಳಬೇಕು."

ಇವರಿಗಾದರೂ ನಿಯಮ ಸಡಿಲಿಸಿಯಾರು ಎಂದು ರಾಯಚೂರಿಗೆ ಬಂದು ವಾದ ಮಾಡಿದೆ. ವಕೀಲರು ಕಿಟಕಿಯಾಚೆ ನೋಡಿದರು. ಹೆಡ್ಮಾಸ್ತರು, "ಇವ್ರಿಗೆ ಬಿಟ್ರ ನಾಳಿ ಬಾಗಲಾಗ ಸಾಲು ನಿಂದರತಾರ. ಹೆಂಗೂ ಪುಸ್ತಕ ಬರಾಕ ಇನ್ನೂ ತಡ ಅದ. ಅಷ್ಟ್ರಾಗ..." ಎಂದು ಮಾತು ನುಂಗಿದರು. ನನಗೆ ಮೈಯೆಲ್ಲ ಉರಿಯಿತು.

ದೇವದುರ್ಗಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕೆಮ್ಮುತ್ತಲೇ ನಕ್ಕರು.

"ಹಂಗಾದ್ರ ಸ್ವಲ್ಪ ತಡೀರಿ. ನಂದೂ ಭಾಳ ದಿನ ಇಲ್ಲ."

ಚಹಾ ತಂದಿದ್ದ ಹೆಂಡತಿ ಬಾಗಿಲಲ್ಲೇ ಅದನ್ನು ಕೇಳಿ ಕಪ್ಪು ಸಮೇತ ಒಳಗೆ ಹೋಗಿಬಿಟ್ಟರು.

ಬೇಸಿಗೆ ಕಳೆಯುವ ಮೊದಲೇ ಆ ಮಾಜಿ ಶಾಸಕರು ತೀರಿಕೊಂಡರು. ಮುಂದಿನ ಸಭೆಯಲ್ಲಿ ಅವರ ಹೆಸರು ಚರ್ಚೆಯಿಲ್ಲದೆ ಪಾಸಾಯಿತು. ಹೆಡ್ಮಾಸ್ತರರಿಗೆ ನಿಜವಾಗಿಯೂ ಸಂತೋಷವಾಗಿತ್ತು. ಕೆಟ್ಟವರಲ್ಲ ಅವರು, ಅದಕ್ಕೇ ನನಗೆ ಇನ್ನೂ ಹೇಸಿಗೆಯಾಯಿತು.

ಪುಸ್ತಕ ಅಚ್ಚಾಗುವ ಹೊತ್ತಿಗೆ ಎಂಬತ್ತರ ದಶಕ ಬಂದಿತ್ತು. ಒಂದು ಪ್ರತಿ ಹಿಡಿದು ದೇವದುರ್ಗದ ಬಸ್ಸು ಹತ್ತಿದೆ. ಆ ಪುಟ ತೆಗೆದು ಅವರ ಹೆಂಡತಿಯ ಮುಂದಿಟ್ಟೆ. ಅವರು ಗಂಡನ ಫೋಟೋದ ಮೇಲೆ ಬೆರಳಾಡಿಸಿದರು.

"ಓದ್ಲೇನ್ ಯವ್ವಾ?" ಎಂದೆ.

"ಬ್ಯಾಡಪಾ. ಅವ್ರ ಬಾಯಿಂದ ಕೇಳಬೇಕಿತ್ತು ನಾ" ಎಂದು ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟರು.